ಕೈತೊಳೆವ ಕಲ್ಲಿನ ಕೆಳಗಿನ ನಾದ

ಹೊಳೆದಂಡೆಯ ಆ ಪುಟ್ಟ ಮಠದಲ್ಲಿ ಪೂಜ್ಯ ಗುರುಶಾಂತ ಅಪ್ಪಗಳಿಗಿದ್ದ ಆಸ್ತಿ ಒಂದು ಕಂಬಳಿ, ಒಂದು ತಂಬಿಗೆ. ಮಠದ ವೈಭವವೆಲ್ಲ ನೆಲದೊಳಗಿತ್ತು. ಜಪಾನಿನಿಂದ ಬಂದು ಒಂದು ಮಳೆಗಾಲ ತಂಗಿದ್ದ ಬೌದ್ಧ ಭಿಕ್ಷುವೊಬ್ಬರು, ತಮ್ಮ ನಾಡಿನ ಪದ್ಧತಿಯಂತೆ, ಊರ ಕುಂಬಾರ ಈರಣ್ಣನಿಂದ ದೊಡ್ಡ ಗಡಿಗೆ ಮಾಡಿಸಿ, ತಳಕ್ಕೆ ತೂತು ಕೊರೆಸಿ, ಕೈತೊಳೆಯುವ ಕಲ್ಲಿನ ಕೆಳಗೆ ಬೋರಲಾಗಿ ಹೂಳಿಸಿದ್ದರು. ತೊಳೆದ ನೀರು ಆ ತೂತಿನಿಂದ ಹನಿಹನಿಯಾಗಿ ಗಡಿಗೆಯಡಿ ನಿಂತ ನೀರಿಗೆ ಬಿದ್ದರೆ ತಂತಿ ಮೀಟಿದಂಥ ನಾದ. ಅದನ್ನು ಆಲಿಸುತ್ತಲೇ ಅಪ್ಪಗಳು ಧ್ಯಾನಕ್ಕೆ ಕೂಡುತ್ತಿದ್ದರು.

ಒಂದು ಶ್ರಾವಣದ ಮುಂಜಾನೆ ಈರಣ್ಣ ಸೂಲಗಿತ್ತಿ ದುರಗವ್ವನನ್ನು ಮಠಕ್ಕೆ ಕರೆತಂದನು. ಅವನ ಮಗಳಿಗೆ ಬೇನೆ ಶುರುವಾಗಿತ್ತು. ಆಸ್ಪತ್ರೆ ಆಚೆ ದಡದಲ್ಲಿ. ಹೊಳೆ ತುಂಬಿ ದೋಣಿ ನಿಂತಿತ್ತು. ದುರಗವ್ವನೋ ಹೆರಿಗೆಗೆ ಬರಲೊಲ್ಲಳು; ಅಪ್ಪಗಳು ಹೇಳಿದರಾದರೂ ಒಪ್ಪಿಯಾಳೆಂದು ಈರಣ್ಣನ ಆಸೆ. ಮೂರು ತಿಂಗಳ ಹಿಂದೆ, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡ ಕೂಸೊಂದು ಆಕೆಯ ಕೈಯಲ್ಲೇ ತಣ್ಣಗಾಗಿತ್ತು. ಅಂದಿನಿಂದ ಆಕೆ ಕೈ ತೊಳೆಯುತ್ತಲೇ ಇದ್ದಳು. ಬೆರಳ ಚರ್ಮ ಸುಲಿದಿತ್ತು.

ಒಳಗೆ ಹೋಗುವ ಮುನ್ನ ಕಲ್ಲಿನ ಬಳಿ ಕುಳಿತವಳು ಇಲ್ಲಿಯೂ ತಂಬಿಗೆಯ ಮೇಲೆ ತಂಬಿಗೆ ಸುರಿಯತೊಡಗಿದಳು.

"ಯವ್ವಾ, ಹೊಳೀನ ಇಲ್ಲಿಗೇ ತರ್ತೀಯೇನ? ಅಲ್ಲಿ ನನ್ನ ಮಗಳು ಒದ್ದಾಡಾಕತ್ತಾಳ!" ಎಂದ ಈರಣ್ಣ.

"ಆ ಕೂಸಿನ ಸಾವು ಈ ಕೈಯಿಂದ ಇನ್ನೂ ಹೋಗವಲ್ದೋ ಈರಣ್ಣಾ. ನೋಡು, ನಿನ್ನ ಗಡಿಗೀನೂ ಮೂಕಾತು. ನನ್ನ ಕೈ ತಾಗಿದ್ದೆಲ್ಲ ಸಾಯತೈತಿ."

ಈರಣ್ಣ ಬಗ್ಗಿ ಕಿವಿಗೊಟ್ಟ. ನಿಜ, ಗಡಿಗೆಯಲ್ಲಿ ಸದ್ದಿಲ್ಲ. ಅವನ ಮುಖವೂ ಕಪ್ಪಿಟ್ಟಿತು.

ಆಗ ಅಪ್ಪಗಳು ಹೊರಬಂದರು. ಆಕೆಯ ಕೈಯಿಂದ ತಂಬಿಗೆ ತೆಗೆದುಕೊಂಡು ಬೋರಲು ಹಾಕಿದರು.

"ಸಾಕವ್ವಾ. ಕೇಳು."

ಕಲ್ಲಿನ ಮೇಲಿನ ನೀರು ಹರಿದು ಇಳಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೆಲದೊಳಗಿಂದ ಒಂದು ಸ್ವರ. ಮತ್ತೊಂದು.

"ಯಪ್ಪಾ, ಇದು ಸತ್ತಿರಲಿಲ್ಲೇನ್ರಿ?"

"ನೀ ಸುರಿಯೂತನಕ ಅದಕ್ಕ ದನಿ ಎಲ್ಲಿಂದ ಬರಬೇಕವ್ವಾ? ನಿನ್ನ ಕೈ ಎಂದೋ ಸ್ವಚ್ಛ ಆಗ್ಯಾವು."

ಇದನ್ನು ಪವಾಡವೆನ್ನುವವರಿದ್ದಾರೆ. ಹಾಗೆನ್ನುವುದು ತಪ್ಪು. ಧಾರೆಯಾಗಿ ಸುರಿದರೆ ಆ ಗಡಿಗೆ ನುಡಿಯದು, ನಿಲ್ಲಿಸಿದರೆ ನುಡಿಯುತ್ತದೆ, ಅಷ್ಟೇ. ಅದನ್ನು ಯಾರಿಗೆ, ಯಾವ ಗಳಿಗೆಯಲ್ಲಿ ಕೇಳಿಸಬೇಕೆಂಬುದು ಅಪ್ಪಗಳಿಗೆ ತಿಳಿದಿತ್ತು.

ಮೂರು ತಿಂಗಳಲ್ಲಿ ಮೊದಲ ಬಾರಿಗೆ ದುರಗವ್ವ ಗಟ್ಟಿಯಾಗಿ ಅತ್ತಳು. ಅತ್ತು, ಮೂಗೊರೆಸಿಕೊಂಡು ಎದ್ದಳು. "ನಿಂತು ಏನು ನೋಡ್ತಿಯೋ? ಬಿಸಿನೀರು ಇಟ್ಟಾರೋ ಇಲ್ಲೋ?"

ಮಧ್ಯಾಹ್ನದ ಹೊತ್ತಿಗೆ ಈರಣ್ಣನ ಮನೆಯಿಂದ ಹೆಣ್ಣುಕೂಸಿನ ಅಳು ಮಠದವರೆಗೂ ಕೇಳಿಸಿತು. ದುರಗವ್ವ ಕೂಸನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಒಮ್ಮೆ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು, ಚಹಾ ಕೇಳಿದಳು.