ಒಣಮರದ ಒಂದೇಟು

ಮಾರ್ಚ್ ನಾಲ್ಕನೇ ತಾರೀಖು, ಸೋಮವಾರ. ಬೆಳಿಗ್ಗೆಯಿಂದಲೇ ಬಿಸಿಲು, ಎಲೆ ಅಲುಗುವಷ್ಟೂ ಗಾಳಿಯಿಲ್ಲ.

ಆ ದಿನ ದೊಡ್ಡತಾಯಮ್ಮ ಮಗನ ರಟ್ಟೆ ಹಿಡಿದುಕೊಂಡು ಮೌನಾಚಾರಿಯ ಬಡಗಿ ಅಂಗಡಿಗೆ ಬಂದಳು. ಮಗ ಅಂದರೆ ತೊಟ್ಟಿಲ ಮಗುವಲ್ಲ, ಮೀಸೆ ಬಂದು ಎಷ್ಟೋ ಕಾಲವಾಗಿದ್ದ ಗಂಡಸು. ಹೆಸರು ಭದ್ರ. ಹೆಸರೊಂದು ಬಿಟ್ಟರೆ ಅವನ ಹತ್ತಿರ ಭದ್ರವಾದದ್ದು ಇನ್ನೇನೂ ಇರಲಿಲ್ಲ.

"ಆಚಾರ್ರೇ, ಇವನನ್ನ ನಿಮ್ಮ ಕೈಗೆ ಹಾಕಿದೀನಿ," ಅಂದಳು ತಾಯಿ. "ಹೋಟ್ಲಿಗೆ ಸೇರಿಸಿದೆ. 'ಗಿರಾಕಿ ಮುಖ ನೋಡಿ ಬಡಿಸೋ' ಅಂದರಂತೆ. ಮುಖಾನೇ ನೋಡ್ತಾ ನೋಡ್ತಾ ಬಿಸಿ ಸಾರನ್ನ ಅವರ ತೊಡೆ ಮೇಲೆ ಹುಯ್ದ. ಒಂದು ಕಡೆ ಎರಡು ದಿನ ನಿಂತೋನಲ್ಲ. ನೀವೊಂದು ವಾರ ಇಟ್ಕೊಳಿ. ಒಂದೇ ಒಂದು ವಾರದ ಕೂಲಿ ತಂದು ಈ ಕೈಗೆ ಹಾಕಲಿ. ನನ್ನ ಮಗನೂ ದುಡಿದ ಅಂತ ನಾಲ್ಕು ಜನದ ಮುಂದೆ ಹೇಳ್ಕೊತೀನಿ."

"ಹೇಳಿದ್ದು ಕೇಳ್ತಾನಾ?"

"ಅಯ್ಯೋ, ಹೇಳಿದ್ದೇ ಕೇಳ್ತಾನೆ! ಅದೇ ಅವನ ರೋಗ!"

ಆಚಾರಿಗೆ ಆಳು ಬೇಕಿತ್ತು. ರೈಸ್‌ಮಿಲ್ ಜವರೇಗೌಡರು ಹೊಸ ಮನೆ ಕಟ್ಟಿಸಿದ್ದರು. ಶುಕ್ರವಾರ ಗೃಹಪ್ರವೇಶ, ಅಷ್ಟರೊಳಗೆ ತೇಗದ ಹೆಬ್ಬಾಗಿಲು ನಿಲ್ಲಬೇಕು. "ಇರಲಿ ಬಿಡು ತಾಯಮ್ಮ," ಅಂದುಬಿಟ್ಟ.

ಈ ಮೌನಾಚಾರಿ, ಹೆಸರು ಮೌನವಾದರೂ, ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ. ಆ ಎತ್ತಿದ ಕೈಯಲ್ಲಿ ತೋರುಬೆರಳು ಅರ್ಧ ಮಾತ್ರ ಇತ್ತು. ಉಳಿದರ್ಧ ಗರಗಸದ ಮಿಷನ್ನಿಗೆ ಹೋಗಿತ್ತು. ಕರೆಂಟಿನ ಜೊತೆ ಹುಷಾರಾಗಿರಬೇಕು ಅಂತ ಬಂದವರಿಗೆಲ್ಲ ಆ ಅರ್ಧ ಬೆರಳನ್ನೇ ಎತ್ತಿ ಹೇಳುತ್ತಿದ್ದ. ಹೇಳುತ್ತಲೇ ವೈರಿನ ತುದಿ ಸುಲಿದು, ಪ್ಲಗ್ಗಿನ ಖರ್ಚು ಯಾಕೆ ಅಂತ ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುತ್ತಿದ್ದ. ಇಂಥ ಗುರು, ಅಂಥ ಶಿಷ್ಯ. ಊರು ಉಳಿಯಿತಲ್ಲ ಅನ್ನಿ!

ಸೋಮವಾರ ಆಚಾರಿ ಗರಗಸದ ಮಿಷನ್ನಿನ ಮುಂದೆ ನಿಂತ. "ಲೋ ಭದ್ರ, ಆ ಬೋರ್ಡಿನ ಹತ್ತಿರ ನಿಂತ್ಕೊ. ನಾನು ಕೂಗಿದ ತಕ್ಷಣ ಸ್ವಿಚ್ಚು ತೆಗಿ. ತಿಳೀತಾ?"

"ತಿಳೀತು ಆಚಾರ್ರೇ. ಕೂಗಿದ ತಕ್ಷಣ ಸ್ವಿಚ್ಚು ತೆಗೀಬೇಕು."

ಮಿಷನ್ ಓಡಿತು. ಹಲಗೆ ಅರ್ಧ ಸೀಳುವಷ್ಟರಲ್ಲಿ ಗಂಟಿಗೆ ಸಿಕ್ಕಿಕೊಂಡು ಗರಗಸ ಕಿರ್ರೆಂದಿತು. "ತೆಗಿಯೋ, ಸ್ವಿಚ್ಚು ತೆಗಿ!"

"ತೆಗೀತಾ ಇದೀನಿ!"

"ಬೇಗ ತೆಗಿಯೋ!"

"ಒಂದು ಸ್ಕ್ರೂ ಆಯ್ತು ಆಚಾರ್ರೇ, ಇನ್ನೊಂದು ಬಾಕಿ!"

ಆಚಾರಿ ತಿರುಗಿ ನೋಡಿದ. ಭದ್ರ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನಿಂದ ಸ್ವಿಚ್ಚನ್ನೇ ಬಿಚ್ಚುತ್ತಿದ್ದ! ಹಲಗೆ ಬಿಟ್ಟು ಓಡಿದ ಆಚಾರಿ ಮೈನ್ ಆರಿಸಿದ.

"ಲೇ ಹೆಡ್ಡ! ತೆಗಿ ಅಂದರೆ ಆರಿಸು ಅಂತ! ಕರೆಂಟು ಓಡ್ತಿರೋ ಬೋರ್ಡಿಗೆ ಕೈ ಹಾಕ್ತಾರೇನೋ? ಸತ್ತಿದ್ದರೆ ನಿಮ್ಮವ್ವನಿಗೆ ಏನು ಹೇಳಲಿ? ಇನ್ಮೇಲೆ ನೆನಪಿಟ್ಕೊ. ಮಿಷನ್ ಓಡುವಾಗ ಹತ್ತಿರ ಕೈ ತರಬಾರದು. ನನ್ನ ಬೆರಳು ನೋಡು! ಕೈ ತರಬಾರದು!"

"ಕೈ ತರಬಾರದು," ಅಂದ ಭದ್ರ.

ಸಂಜೆ ತಾಯಿ ಕರೆದೊಯ್ಯಲು ಬಂದಳು. "ಏನು ಕೊಟ್ಟರೋ?"

"ಬುದ್ಧಿ ಕೊಟ್ಟರು ಕಣವ್ವ."

"ಕೂಲಿ ಸ್ವಿಚ್ಚಿಗೆ ಸರಿಹೋಯ್ತು ತಾಯಮ್ಮ," ಅಂದ ಆಚಾರಿ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಹುಟ್ಟಿದಾಗಿನಿಂದ 'ಲೈಟು ತೆಗಿ, ಫ್ಯಾನು ತೆಗಿ' ಅಂದುಕೊಂಡೇ ಬಂದವನಿಗೆ, ಆ ಮಾತಿಗೆ ಹೀಗೂ ಒಂದು ಅರ್ಥ ಇದೆ ಅಂತ ಹೊಳೆದದ್ದು ಅವತ್ತೇ.

ಮಂಗಳವಾರ ಡ್ರಿಲ್ಲಿನ ಕೆಲಸ. "ಹಲಗೆ ಅಲುಗದ ಹಾಗೆ ಹಿಡ್ಕೊಳ್ಳೋ," ಅಂದು ಆಚಾರಿ ಬಗ್ಗಿ ತೂತು ಕೊರೆಯತೊಡಗಿದ. ಹಿಡಿತವೇನೋ ಬಿಗಿಯಾಗಿತ್ತು. ಆದರೆ ಕಣ್ಣ ಮುಂದೆ ಒಂದು ಹೆಬ್ಬೆಟ್ಟು ಕಾಣಿಸಿತು. ಕೈಯ ಹೆಬ್ಬೆಟ್ಟಲ್ಲ, ಕಾಲಿನದು. ಭದ್ರ ನೆಲದ ಮೇಲೆ ಕುಂಡಿಯೂರಿ, ಎರಡೂ ಕಾಲಲ್ಲಿ ಹಲಗೆ ಅವಚಿ, ಎರಡೂ ಕೈ ತಲೆಯ ಮೇಲೆತ್ತಿ ಕೂತಿದ್ದ!

"ಏನೋ ಇದು?"

"ಕೈ ತರಬಾರದು ಅಂದ್ರಲ್ಲ!"

ಅನ್ನುವಷ್ಟರಲ್ಲಿ ಅವನ ಲುಂಗಿಯ ಚುಂಗು ಡ್ರಿಲ್ಲಿಗೆ ಸುತ್ತಿಕೊಂಡಿತು. ಗಿರ್ರನೆ ಸುತ್ತಿತು ಲುಂಗಿ, ಅದರ ಹಿಂದೆ ಭದ್ರ, ಅವನ ಹಿಂದೆ ಹಲಗೆ. ಡ್ರಿಲ್ಲಿನ ಮೂತಿ ಟಕ್ಕೆಂದು ಮುರಿದು ನಿಂತಿತು. ಲುಂಗಿ ಮಿಷನ್ನಿಗೆ, ಪಟಾಪಟಿ ಚಡ್ಡಿ ಭದ್ರನಿಗೆ ಉಳಿಯಿತು.

"ಅಯ್ಯೋ ದಡ್ಡ ಶಿಖಾಮಣಿ! ಮಿಷನ್ ಹತ್ತಿರ ಜೋತಾಡೋ ಬಟ್ಟೆ ಇರಬಾರದು ಕಣೋ! ಜೋತಾಡೋದು ಏನಿದ್ದರೂ ಕತ್ತರಿಸಿ ಬಿಸಾಕು!"

"ಕತ್ತರಿಸಿ ಬಿಸಾಕ್ತೀನಿ," ಅಂದ ಭದ್ರ.

ಸಂಜೆ ತಾಯಿ ಬಂದಳು. "ಏನು ಕೊಟ್ಟರೋ?"

"ಬುದ್ಧಿ ಕೊಟ್ಟರು ಕಣವ್ವ."

"ದಿನಾ ಬುದ್ಧಿ ಕೊಟ್ಟರೆ ಎಲ್ಲಿ ಇಟ್ಕೊಳ್ಳೋನೋ ನೀನು?" ಅಂತ ತಾಯಿ ಹಣೆ ಚಚ್ಚಿಕೊಂಡಳು. ಆಚಾರಿ ಮುರಿದ ಡ್ರಿಲ್ಲನ್ನು ನೋಡುತ್ತ ನಿಂತ. ಅವನ ಮೈಮೇಲೆ ಇದ್ದದ್ದೂ ಲುಂಗಿಯೇ.

ಬುಧವಾರ ಬಾಗಿಲು ಎಲ್ಲಿಗೆ ಬಂತು ಅಂತ ನೋಡಲು ಜವರೇಗೌಡರೇ ಬಂದರು. ಬಿಳಿ ಪಂಚೆ, ಹೆಗಲಿಂದ ಮೊಣಕಾಲಿನ ತನಕ ಜೋತಾಡುವ ಜರಿಯಂಚಿನ ಶಲ್ಯ. "ಏನಯ್ಯ ಆಚಾರಿ, ಶುಕ್ರವಾರಕ್ಕೆ ಆಯ್ತದೋ ಇಲ್ವೋ?" ಅಂತ ಓಡುತ್ತಿದ್ದ ಮಿಷನ್ನಿನ ಮೇಲೆ ಬಗ್ಗಿದರು.

ಭದ್ರ ಹಿಂದಿನಿಂದ ಬಂದ. ಕಚಕ್ ಅಂತು ಕತ್ತರಿ. ಜರಿಯಂಚು ಮರದ ಹೊಟ್ಟಿನ ಮೇಲೆ ಬಿತ್ತು.

"ಯಾವನ್ಲಾ ಅವನು!"

"ಜೋತಾಡ್ತಿತ್ತು ಗೌಡ್ರೇ. ಬಿಸಾಕಿದೆ."

ಗೌಡರು ಆಡಿದ ಮಾತನ್ನೆಲ್ಲ ಇಲ್ಲಿ ಹೇಳುವುದು ಬೇಡ. ಆಚಾರಿ ಕೈಮುಗಿದು, ಕಾಲು ಹಿಡಿದು, ಶಲ್ಯದ ಬೆಲೆ ಮಜೂರಿಯಲ್ಲಿ ಮುರಿದುಕೊಳ್ಳಿ ಅಂತ ಒಪ್ಪಿಸಿ ಕಳಿಸಿದ.

"ಲೇ ಪ್ರಾಣಿ! ಯಾರಾದರೂ ಬಂದರೆ ಮೊದಲು ಮಿಷನ್ ನಿಲ್ಲಿಸಬೇಕು. ಮಿಷನ್ ಬಿಟ್ಟು ಏಳುವಾಗ ವೈರು ಕೀಳಬೇಕು. ಕತ್ತರೀನೂ ಬೇಡ, ಗಿತ್ತರೀನೂ ಬೇಡ. ಏಳೋದು, ವೈರು ಕೀಳೋದು! ಅಷ್ಟೇ!"

"ಏಳೋದು, ವೈರು ಕೀಳೋದು," ಅಂದ ಭದ್ರ. ಸಂಜೆ ತಾಯಿ ಕೇಳಿದಳು, ಭದ್ರ ಬುದ್ಧಿ ಅಂದ, ತಾಯಿ ಹಣೆ ಚಚ್ಚಿಕೊಂಡಳು.

ಆಚಾರಿಯ ಅಂಗಡಿಯಲ್ಲಿ ನೆಟ್ಟಗಿದ್ದ ವೈರು ಒಂದೇ ಒಂದು. ಹಲಗೆ ನಯವಾಗಲು ಹತ್ತರಿ ಹೊಡೆಯುವ ಹಳೆ ಮಿಷನ್ ಆಗಾಗ ಮೈಯೆಲ್ಲ ಕರೆಂಟು ಬಿಡುತ್ತಿತ್ತು. ಹಾಗೆ ಬಿಟ್ಟದ್ದನ್ನು ಭೂಮಿಗೆ ಇಳಿಸಲಿ ಅಂತ ಒಂದು ಹಸಿರು ವೈರು ಕಟ್ಟಿ, ಅಂಗಡಿಯ ಹಿಂದೆ ಗುಂಡಿಯಲ್ಲಿ ಹೂತಿದ್ದರು. ಆ ವೈರೇ ಅಂಗಡಿಯ ಕಾವಲು.

ಗುರುವಾರ ಭದ್ರ ಊಟಕ್ಕೆ ಎದ್ದ. ಎದ್ದವನು ಸುತ್ತ ನೋಡಿದ. ಬೆಂಕಿಕಡ್ಡಿಯ ವೈರುಗಳು ಮುಟ್ಟಿದರೆ ಬೀಳುತ್ತಿದ್ದವು, ಅವಕ್ಕೆ ಕೀಳುವುದು ಅಂತಾರಾ? ಕೀಳುವುದು ಅಂದರೆ ಬೇರು ಇರಬೇಕು. ನೆಲದಲ್ಲಿ ನಾಟಿದ್ದ ವೈರು ಕಂಡಿತು. ಹಾರೆ ತಂದ, ಅಗೆದ, ಕಳ್ಳೇಕಾಯಿ ಗಿಡ ಕಿತ್ತ ಹಾಗೆ ಸೊಂಟಕೊಟ್ಟು ಕಿತ್ತ. ಮಣ್ಣು ಕೊಡವಿ ಅಂಗಡಿಯೊಳಗೆ ಒಪ್ಪವಾಗಿ ಸುತ್ತಿಟ್ಟು ಊಟಕ್ಕೆ ಕೂತ.

ಆಚಾರಿ ಬಂದು ಹತ್ತರಿ ಮಿಷನ್ನಿಗೆ ಕೈಯಿಟ್ಟ. ಇಟ್ಟ ಕೈ ಬರಲಿಲ್ಲ! ಗಡಗಡ ನಡುಗಿದ, ಹಲ್ಲು ಕಟಕಟ ಅಂದವು, ಬಾಯಿಂದ 'ಬ್ಬೆ ಬ್ಬೆ' ಬಿಟ್ಟರೆ ಬೇರೆ ಮಾತಿಲ್ಲ. ಭದ್ರ ಮುದ್ದೆ ನುಂಗುತ್ತ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಪುಣ್ಯಕ್ಕೆ ನಡುಗಿದ ರಭಸಕ್ಕೆ ಬೆಂಕಿಕಡ್ಡಿಯ ವೈರು ಸಾಕೆಟ್ಟಿನಿಂದ ಕಳಚಿ ಬಿತ್ತು. ಆಚಾರಿಯೂ ಬಿದ್ದ.

ನೀರು ಕುಡಿದು, ಸುಧಾರಿಸಿಕೊಂಡು, ಹಸಿರು ವೈರಿನ ಸುರುಳಿಯನ್ನು ಕಂಡ. ಅದನ್ನು ಕೈಗೆತ್ತಿಕೊಂಡ. ಆಮೇಲೆ ಅಂದ: "ನನ್ನ ಅಂಗಡೀಲಿ ಸರಿಯಾಗಿದ್ದದ್ದು ಇದೊಂದೇ ಕಣೋ. ಉಳಿದದ್ದೆಲ್ಲ ನನ್ನ ಹಾಗೇ ಇತ್ತು. ಇದನ್ನೂ ಕಿತ್ತೆಯಾ?"

"ಕೀಳು ಅಂದ್ರಲ್ಲ..."

"ಅಂದೆ. ನಾನೇ ಅಂದೆ. ನನ್ನ ನಾಲಿಗೆಗೆ ಮೊದಲು ಒಂದು ಪ್ಲಗ್ಗು ಹಾಕಿಸಬೇಕು! ಅದಿರಲಿ, ಮನುಷ್ಯ ಗಡಗಡ ನಡುಗ್ತಿದ್ದರೆ ನೋಡ್ತಾ ಕೂರ್ತೀಯೇನೋ? ಕರೆಂಟು ಹಿಡಿದೋನ್ನ ಕೈಯಲ್ಲಿ ಮುಟ್ಟಬಾರದು, ನೀನೂ ಸಾಯ್ತೀಯ. ಮೊದಲು ಮೈನ್ ಆರಿಸು. ಆಮೇಲೂ ಬಿಡದಿದ್ದರೆ ಒಣಗಿದ ಮರ ತಗೊಂಡು ಒಂದೇಟು ಹಾಕು. ಬಿಡ್ತದೆ. ಹೇಳು?"

"ಗಡಗಡ ನಡುಗಿದರೆ ಕೈ ಮುಟ್ಟಬಾರದು. ಮೈನ್ ಆರಿಸೋದು. ಒಣಮರದಲ್ಲಿ ಒಂದೇಟು."

"ಭೇಷ್!" ಅಂದ ಆಚಾರಿ. ಜನ್ಮದಲ್ಲಿ ಅವನು ಹೇಳಿದ್ದರಲ್ಲಿ ಇದೊಂದು ಮಾತು ಹೆಚ್ಚುಕಡಿಮೆ ಸರಿಯಾಗಿತ್ತು. ಏಟು ಅನ್ನುವ ಕಡೆ ದೂಡು ಅಂದಿದ್ದರೆ ಪೂರ್ತಿ ಸರಿಯಾಗುತ್ತಿತ್ತು.

ಶುಕ್ರವಾರ ಗೃಹಪ್ರವೇಶ. ಹೆಬ್ಬಾಗಿಲು ನಿಂತಿತು. ಹೊಸ್ತಿಲಿಗೆ ಅರಿಶಿನ ಕುಂಕುಮ ಬಿತ್ತು. ಮನೆ ತುಂಬ ಮಿಣಮಿಣ ಬಲ್ಬು, ಮೈಕಿನಲ್ಲಿ ಓಲಗ. ಇನ್ನೇನು ಗೌಡರು ಒಳಗೆ ಕಾಲಿಡಬೇಕು.

ಗೌಡರ ಹೆಂಡತಿಗೆ ದ್ಯಾವೇಗೌಡ ಅಂತ ಒಬ್ಬ ತಮ್ಮ. ಭಾವನ ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಅವನ ಮೈಮೇಲೆ ಮನೆದೇವರು ಬರುತ್ತಿತ್ತು. ಬಂದ ದೇವರು ಬರಿಗೈಯಲ್ಲಿ ಹೋದದ್ದಿಲ್ಲ. ಹಿಂದಿನ ಸಲ ಹಾಲು ಕರೆಯುವ ಎಮ್ಮೆ ಕೇಳಿ ಹೊಡೆದುಕೊಂಡು ಹೋಗಿತ್ತು.

ದ್ಯಾವೇಗೌಡ ಹೊಸ ಬಾಗಿಲಿನ ಚಿಲಕ ಹಿಡಿದ. ಹಲ್ಲು ಕಟಕಟ ಕಡಿದ. ಗಡಗಡ ನಡುಗಿದ. "ಹ್ಞೂಂ! ಮೇಲಿನ ಮಹಡಿ! ಮೇಲಿನ ಮಹಡೀನ ಈ ನನ್ನ ಒಕ್ಕಲಿಗೆ ಬರೆದುಕೊಡು! ಇಲ್ಲದಿದ್ದರೆ ಈ ಹೊಸ್ತಿಲು ದಾಟಗೊಡೋದಿಲ್ಲ!"

ಜನ ಅಡ್ಡಬಿದ್ದರು. ಆಚಾರಿಯೂ ಬಿದ್ದ. ಗೌಡರ ಮುಖ ಬಾಡಿತು. ದೇವರ ಮಾತಿಗೆ ಇಲ್ಲ ಅನ್ನುವುದು ಹೇಗೆ? "ಆಗಲಿ ನನ್ನಪ್ಪ..." ಅಂತ ಬಾಯಿ ತೆರೆದರು.

"ಆಚಾರ್ರೇ! ಕರೆಂಟು!" ಅಂತ ಕಿರುಚಿದ ಭದ್ರ.

ಕಿರುಚಿದವನೇ ಓಡಿ ಮೈನ್ ಆರಿಸಿದ. ಬಲ್ಬು ಆರಿತು, ಓಲಗ ನಿಂತಿತು. ದ್ಯಾವೇಗೌಡ ನಡುಗುತ್ತಲೇ ಇದ್ದ. ಮೈನ್ ಆರಿಸಿದರೂ ಬಿಟ್ಟಿಲ್ಲ! ಬಾಗಿಲ ಕೆಲಸದಲ್ಲಿ ಉಳಿದಿದ್ದ ಒಂದು ಒಣ ತೇಗದ ಪಟ್ಟಿಯನ್ನು ಭದ್ರ ಎತ್ತಿದ, ಬೆನ್ನಿಗೆ ಧಡ್ ಅಂತ ಹಾಕಿದ.

"ಅಯ್ಯಯ್ಯಪ್ಪೋ! ಸತ್ತೆ ಕಣಕ್ಕೋ!" ಅಂದಿತು ದೇವರು.

"ಬಿಡ್ತು ಆಚಾರ್ರೇ! ಒಂದೇ ಏಟಿಗೆ ಬಿಡ್ತು!"

ನಿಜವಾಗಿ ಬಿಟ್ಟಿತ್ತು. ಮಹಡಿಯ ಮಾತೂ ಅಲ್ಲಿಗೇ ನಿಂತಿತು. ಗೌಡರು ಹೊಸ್ತಿಲು ದಾಟಿ ಒಳಗೆ ಹೋಗಿ, ಎಲೆಯಡಿಕೆ ಬಾಯಿಗೆ ತುರುಕಿಕೊಂಡು ನಗು ನುಂಗಿದರು. ಆದರೆ ಹಿರಿಯರು ಬಿಡಲಿಲ್ಲ. "ದೇವರಿಗೆ ಏಟು ಬಿದ್ದಿದೆ. ತಪ್ಪು ಕಾಣಿಕೆ ಆಗಬೇಕು. ಯಾರು ಹೇಳಿಕೊಟ್ಟದ್ದು ಇವನಿಗೆ?"

"ನಮ್ಮ ಆಚಾರ್ರು," ಅಂದ ಭದ್ರ, ಹೆಮ್ಮೆಯಿಂದ.

"ಆಳು ಮಾಡಿದ ತಪ್ಪಿಗೆ ಆಳಿನ ಒಂದು ವಾರದ ಕೂಲಿ. ಇಡಪ್ಪ ಆಚಾರಿ."

ಆಚಾರಿ ಕಮಕ್ ಕಿಮಕ್ ಅನ್ನದೆ ಹಲಗೆ ಅಂಟಿಸುವ ಮರದಂಟು ಮೆತ್ತಿದ ಜೇಬಿಗೆ ಕೈ ಹಾಕಿ, ಇದ್ದ ನೋಟನ್ನು ಎಣಿಸಿ ದ್ಯಾವೇಗೌಡನ ಮುಂದಿನ ತಟ್ಟೆಗೆ ಹಾಕಿದ. ಕೊಡದೆ ಹಿಡಿದುಕೊಂಡಿದ್ದ ಕೂಲಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು ಅಂದುಕೊಂಡ.

ಹೊರಡುವಾಗ ಗೌಡರು ಅವನನ್ನು ಮರೆಗೆ ಕರೆದರು. "ಏನು ಆಳು ಸಿಕ್ಕಿದಾನಯ್ಯ ನಿಂಗೆ! ಅಂಥ ಒಂದು ಏಟಿಗೆ ಒಂದು ದಿನದ ಕೂಲಿ ಕೊಡಬಹುದು ಕಣಯ್ಯ!"

ಭದ್ರ ಪಕ್ಕದಲ್ಲೇ ಇದ್ದ. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. "ನೀವು ನಡೀರಿ ಆಚಾರ್ರೇ. ನಂದಿನ್ನೂ ಕೆಲಸ ಬಾಕಿ ಇದೆ," ಅಂದ.

ಸಂಜೆ ತಾಯಿ ಅಂಗಡಿಗೆ ಬಂದಳು. ಈ ವಾರ ಕೂಲಿ ಇಲ್ಲ ಅಂತ ಹೇಗೆ ಹೇಳುವುದು ಅಂತ ಆಚಾರಿ ಒದ್ದಾಡುತ್ತಿದ್ದ. ಅಷ್ಟರಲ್ಲಿ ಭದ್ರ ಬಂದ. ಕಂಕುಳಲ್ಲಿ ತೇಗದ ಪಟ್ಟಿ, ಮುಷ್ಟಿಯಲ್ಲಿ ನೋಟು.

"ಏನು ಕೊಟ್ಟರೋ ಇವತ್ತು? ಬುದ್ಧೀನಾ?"

"ಅಲ್ಲ ಕಣವ್ವ. ವಾರದ ಕೂಲಿ."

ತಾಯಿಗೆ ಕೈ ನಡುಗಿತು. ಪಟ್ಟಿ ಎಲ್ಲಿ ಮೇಲೇಳುತ್ತೋ ಅಂತ ಆಚಾರಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಯಾರು ಕೊಟ್ಟದ್ದೋ? ಗೌಡರಾ?"

"ಅಲ್ಲ, ದೇವರು. ಏಟಿಗೊಂದು ದಿನದ ಕೂಲಿ ಅಂದ್ರಲ್ಲ? ವಾರಕ್ಕೆ ಆರು ದಿನದ ಕೂಲಿ, ಒಂದೇಟು ಆಗಿತ್ತು, ಐದು ಬಾಕಿ ಇತ್ತು. ಹೋಗಿ 'ದ್ಯಾವೇಗೌಡ್ರೇ, ಬೆನ್ನು ತೋರಿಸಿ' ಅಂದೆ. ತಟ್ಟೇಲಿದ್ದದ್ದೆಲ್ಲ ನನ್ನ ಕೈಗೆ ಸುರಿದು ಕೋಣೆ ಸೇರಿ ಅಗಳಿ ಹಾಕ್ಕೊಂಡ್ರು. ಕೆಲಸ ಮಾಡದೆ ಕೂಲಿ ತಗೋಬಾರದು, ಅಲ್ವಾ ಆಚಾರ್ರೇ? ನಾಳೆ ಹೋಗಿ ಆ ಐದೂ ಹಾಕಿ ಬರ್ತೀನಿ."

ಆಚಾರಿ ನೋಟು ಬಿಡಿಸಿ ನೋಡಿದ. ಒಂದಕ್ಕೊಂದು ಮರದಂಟಿನಿಂದ ಅಂಟಿಕೊಂಡಿದ್ದವು. ಎಣಿಸಬೇಕಾದ್ದೇ ಇರಲಿಲ್ಲ. ಆದರೂ ತಾಯಿ ನೋಡಲಿ ಅಂತ ಎಣಿಸಿ ಅವಳ ಕೈಗೆ ಹಾಕಿದ: ಭದ್ರನ ಒಂದು ವಾರದ ಕೂಲಿ, ಪೂರ್ತಿ.