ಅವ್ವನ ಕೌದಿ

"ಗುರುಗಳೇ, ತೀರಿಹೋದವರು ಬಿಟ್ಟ ವಸ್ತುವನ್ನು ಜೋಪಾನ ಮಾಡುವುದು ಮೋಹವೋ, ಋಣವೋ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಅಕ್ಕತಂಗಿಯರಿದ್ದರು. ಇಬ್ಬರನ್ನೂ ಒಂದೇ ಓಣಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ಮನೆಗಳ ನಡುವೆ ಒಂದು ಮೋಟುಗೋಡೆ. ಅವರ ಅವ್ವ ಸಾಯುವಾಗ ಬಿಟ್ಟುಹೋದದ್ದು ಒಂದು ಕೌದಿ. ತನ್ನ ಹಳೆಯ ಸೀರೆ, ಗಂಡನ ಧೋತರ, ಮಕ್ಕಳ ಲಂಗ ಎಲ್ಲವನ್ನೂ ಒಂದರ ಮೇಲೊಂದು ಹಾಸಿ ಅವಳು ವರ್ಷಗಟ್ಟಲೆ ಹೊಲಿದಿದ್ದಳು. ಮಣ್ಣು ಮಾಡಿ ಬಂದ ದಿನವೇ ಅಕ್ಕ ಅದನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡಳು. ತಂಗಿ ಒಂದು ತುದಿ ಹಿಡಿದಳು.

"ಹಿರಿಯಾಕಿ ನಾನು" ಎಂದಳು ಅಕ್ಕ.

"ಕೊನೀತನಕ ಅವ್ವನ್ನ ಎಬ್ಬಿಸಿ ಕೂಡ್ರಿಸಿದಾಕಿ ನಾನು" ಎಂದಳು ತಂಗಿ.

ಎಳೆದಾಟದಲ್ಲಿ ಹೊಲಿಗೆ ಬಿಚ್ಚಿಕೊಂಡಿತು. ಅಕ್ಕ ಬಿಡಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ಅಕ್ಕ ಆ ಕೌದಿಯನ್ನು ಒಂದು ದಿನವೂ ಹೊದೆಯಲಿಲ್ಲ. ಬೇವಿನ ಎಲೆ ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಮಗ ಚಳಿಜ್ವರದಲ್ಲಿ ನಡುಗಿದಾಗಲೂ ಬೇರೆ ಕಂಬಳಿಯನ್ನೇ ಹುಡುಕಿದಳು. ಬೇಸಿಗೆಯಲ್ಲಿ ಒಮ್ಮೆ ಮಾತ್ರ ಅಂಗಳದ ಬಿಸಿಲಿಗೆ ಹಾಕುತ್ತಿದ್ದಳು. ಆ ದಿನ ತಂಗಿ ಹೊರಗೆ ಬರುತ್ತಿರಲಿಲ್ಲ.

ಅಂಥದೇ ಒಂದು ಮಧ್ಯಾಹ್ನ ತಂಗಿಯ ಹಿತ್ತಲಿನ ಒಣ ಜೋಳದ ಕಣಿಕೆಯ ಬಣವೆಗೆ ಕಿಡಿ ತಾಗಿತು. ಗಂಡಸರೆಲ್ಲ ಹೊಲದಲ್ಲಿದ್ದರು. ತಂಗಿ ಒಳಗೆ ಮಲಗಿದ್ದಳು. ಗಾಳಿ ಎದ್ದು, ನೋಡುನೋಡುತ್ತಿದ್ದಂತೆ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿತು. ಕಿಡಿಗಳು ಗೋಡೆ ದಾಟಿ ಬೀಳತೊಡಗಿದವು. ಅಕ್ಕ ಅಂಗಳಕ್ಕೆ ಓಡಿಬಂದಳು. ಬಂದವಳು ಮೊದಲು ಕೌದಿಯನ್ನು ಬಾಚಿಕೊಂಡಳು. ಎದೆಗೆ ಅವುಚಿಕೊಂಡು ತನ್ನ ಮನೆಯೊಳಗೆ ಹೊರಟಳು. ಹೊಸ್ತಿಲಿಗೆ ಕಾಲಿಟ್ಟಾಗ ಗೋಡೆಯಾಚೆಯಿಂದ ಕೂಗು ಕೇಳಿತು.

"ಅಕ್ಕಾ!"

ಎಷ್ಟೋ ವರ್ಷಗಳ ಮೇಲೆ ಕೇಳಿದ ಕರೆ. ಮರುಗಳಿಗೆಯಲ್ಲಿ ಅದು ಕೆಮ್ಮಿನೊಳಗೆ ಮುಚ್ಚಿಹೋಯಿತು.

ಅಕ್ಕ ತಿರುಗಿದಳು. ತಂಗಿಯ ಬಾಗಿಲಿಗೆ ಓಣಿಯ ಹೆಂಗಸರು ಕೊಡಗಟ್ಟಲೆ ನೀರು ಎರಚುತ್ತಿದ್ದರು. ಚೌಕಟ್ಟು ಉರಿಯುತ್ತಲೇ ಇತ್ತು. ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕ ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ಕೌದಿಯನ್ನು ಅದ್ದಿದಳು. ಪದರ ಪದರವೂ ನೀರು ಹೀರಿ ಹೆಣಭಾರವಾಯಿತು.

"ಏ, ಅದು ನಿಮ್ಮವ್ವನ ಕೌದಿ! ತಡಿ, ಗೋಣಿ ತರ್ತೀನಿ" ಎಂದು ನೆರೆಯ ಮುದುಕಿ ಕೂಗಿದಳು.

"ತಡಿಯಾಕ ಹೊತ್ತೆಲ್ಲೈತಿ?" ಎಂದವಳೇ ಅಕ್ಕ ಅದನ್ನು ತಲೆಯ ಮೇಲೆ ಎಳೆದುಕೊಂಡು ನುಗ್ಗಿದಳು.

ಒಳಗೆ ಕಣ್ಣು ಕಾಣಲಿಲ್ಲ. ಗೋಡೆ ತಡವಿದಳು, ಗೋಡೆಯೂ ಸುಡುತ್ತಿತ್ತು. ಕಾಳಿನ ಕಣಜದ ಹಿಂದೆ ತಂಗಿಯ ಮೈ ಕಾಲಿಗೆ ತಾಕಿತು. ಉಸಿರಿತ್ತು. ಅಕ್ಕ ಅವಳನ್ನು ಎತ್ತಿ ತನಗೆ ಒತ್ತಿಕೊಂಡು ಕೌದಿಯನ್ನು ಇಬ್ಬರ ಮೇಲೂ ಹೊದಿಸಿದಳು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ತೊಲೆ ಮುರಿದು ಹಿಂದೆ ಬಿತ್ತು. ಬೆನ್ನ ಮೇಲೆ ಕೆಂಡ ಸುರಿದವು. ಅಕ್ಕ ನಿಲ್ಲಲಿಲ್ಲ.

ಇಬ್ಬರೂ ಓಣಿಗೆ ಬಂದು ಬಿದ್ದಾಗ ಕೌದಿ ಹೊಗೆಯಾಡುತ್ತಿತ್ತು. ಜನ ಅದನ್ನು ಎಳೆದು ತೆಗೆದರು. ಕೈಗೆ ಬಂದದ್ದು ಕರಿ ಚಿಂದಿ. ತಂಗಿ ಕಣ್ಣು ತೆರೆದು ಅದನ್ನೇ ನೋಡಿದಳು. "ಅಕ್ಕಾ, ಅವ್ವನ ಕೌದಿ ಸುಟ್ಟುಹೋತಲ್ಲ" ಎಂದು ಅಳತೊಡಗಿದಳು. ಅಕ್ಕ ಬೆಂದ ಕೈಯಲ್ಲೇ ತಂಗಿಯ ಮುಖದ ಮಸಿ ಒರೆಸಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರುಬಿಟ್ಟ. "ಅಷ್ಟು ವರ್ಷ ಕಾಪಾಡಿದ್ದು ಒಂದು ಗಳಿಗೆಯಲ್ಲಿ ಹಾಳಾಯಿತಲ್ಲ, ಗುರುಗಳೇ!"

"ಹಾಳಾಯಿತೋ ಇಲ್ಲವೋ, ಮಕ್ಕಳಿಗೆ ಹೊದಿಸಲೆಂದು ಅದನ್ನು ಹೊಲಿದವಳನ್ನು ಕೇಳು" ಎಂದರು ಗುರುಗಳು.