ಬೆನ್ನಲ್ಲಿ ಗುಳಿಯಿದ್ದ ಗುಂಡು

ಕೊಡಗಿನ ಆಯುಧಹಬ್ಬ ಕೈಲ್ ಮುಹೂರ್ತದ ದಿನ ಮೊಟ್ಟೆಗೆ ಗುಂಡು ಹೊಡೆಯುವ ಪಂದ್ಯಕ್ಕೆಂದು ಉತ್ತಯ್ಯ ಮನೆಯಲ್ಲೇ ಸೀಸ ಕರಗಿಸಿ, ತನ್ನ ಏರ್‌ಗನ್ನಿಗೆ ಎರಡು ಗುಂಡು ಎರಕ ಹೊಯ್ದ. ಮೊದಲನೆಯದಕ್ಕೆ ಅಚ್ಚಿನೊಳಗೆ ಕಡ್ಡಿ ಇಟ್ಟಿದ್ದರಿಂದ ಅದರ ಬೆನ್ನಲ್ಲಿ ಗುಳಿ ಮೂಡಿತು. ಎರಡನೆಯದಕ್ಕೆ ಕಡ್ಡಿ ಇಡಲು ಮರೆತ. ಅದು ಇಡಿಯಾಗಿ ಗಟ್ಟಿಯಾಯಿತು.

“ಅರ್ಧ ಟೊಳ್ಳು ನೀನು. ಮೊಟ್ಟೆಯವರೆಗೆ ಹೋಗುವ ಯೋಗ್ಯತೆ ನಿನಗೆಲ್ಲಿದೆ?” ಎಂದಿತು ಗಟ್ಟಿ ಗುಂಡು.

“ಕೋವಿ ಕೊಡುವ ಗಾಳಿಗೆ ಜಾಗ ಬೇಕಲ್ಲ,” ಎಂದಿತು ಗುಳಿಯ ಗುಂಡು.

“ಇನ್ನೊಬ್ಬರಿಂದ ತಳ್ಳಿಸಿಕೊಂಡು ಹೋಗುವ ಗತಿ ನನಗೆ ಬಂದಿಲ್ಲ.”

ಪಂದ್ಯದಲ್ಲಿ ಉತ್ತಯ್ಯ ಮೊದಲು ಗಟ್ಟಿ ಗುಂಡನ್ನೇ ಹಾಕಿ ಹೊಡೆದ. ಗಾಳಿ ಅದರ ಪಕ್ಕದಿಂದ ನುಸುಳಿ ಸೋರಿಹೋಯಿತು. ಗುಂಡು ಮೊಟ್ಟೆಯನ್ನು ಮುಟ್ಟುವ ಮೊದಲೇ ಹುಲ್ಲಿಗೆ ಬಿತ್ತು.

“ಈ ಕೋವಿಗೆ ದಮ್ಮೇ ಇಲ್ಲ ಮಾರಾಯ,” ಎಂದು ಗೊಣಗುತ್ತಾ ಅವನು ಇನ್ನೊಂದನ್ನು ಹಾಕಿದ. ಗಾಳಿ ಗುಳಿಯೊಳಗೆ ಹೊಕ್ಕು, ಅಂಚನ್ನು ಅರಳಿಸಿ, ಗುಂಡನ್ನು ನಳಿಗೆಗೆ ಬಿಗಿಯಾಗಿ ಕೂರಿಸಿ ತಳ್ಳಿತು. ಮೊಟ್ಟೆ ಒಡೆಯಿತು.

“ಕೋವಿಯೇ, ನೀನು ಆ ಟೊಳ್ಳನಿಗೆ ಹೆಚ್ಚು ಉಸಿರು ಕೊಟ್ಟೆ!” ಎಂದು ಹುಲ್ಲಿನಿಂದ ಗಟ್ಟಿ ಗುಂಡು ಕೂಗಿತು.

“ಇಬ್ಬರಿಗೂ ಕೊಟ್ಟಿದ್ದು ಒಂದೇ ಸಮ,” ಎಂದಿತು ಕೋವಿ. “ನಿನ್ನ ಹತ್ತಿರವೂ ಬಂದಿತ್ತು. ಒಳಗೆ ಬರಲು ಬಾಗಿಲೇ ಇರಲಿಲ್ಲ.”